ಎಳೆದಷ್ಟೂ ಬಿಗಿಯುವ ಹುರಿ

ಬೆಳಗಿನ ಚಳಿಗೆ ಕಿಟಕಿಯ ಗಾಜಿಗೆ ಒಳಗಿನಿಂದಲೇ ಹಿಮ ಕಟ್ಟಿತ್ತು. ಉಳಿದ ಹುಡುಗಿಯರು ಇನ್ನೂ ಕಂಬಳಿ ಮುಸುಕಿಕೊಂಡಿರುವಾಗಲೇ ಫದ್ಮಾ ಎದ್ದು, ಬಲಗಾಲಿನ ಹಿಮ್ಮಡಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ತಲೆವಸ್ತ್ರವನ್ನು ಪಾದಕ್ಕೆ ಸುತ್ತಿ ಎರಡೂ ಕೈಯಿಂದ ಎಳೆಯುತ್ತಿದ್ದಳು. ಹಣೆ ಮೊಣಕಾಲಿಗೆ ಮುಟ್ಟಿತು. ಅದು ಮುಟ್ಟದ ದಿನವೇ ಇರಲಿಲ್ಲ. ಆದರೆ ತೊಡೆ ಶುರುವಾಗುವ ಕಡೆ, ಕೂತಾಗ ನೆಲಕ್ಕೆ ಊರುವ ಮೂಳೆಯ ಬಳಿ, ಯಾರೋ ಕಾದ ಸೂಜಿಯನ್ನು ಒತ್ತಿ ಹಿಡಿದ ಹಾಗಿತ್ತು. ಹಲ್ಲು ಕಚ್ಚಿ ಇನ್ನೂ ಒಂದಿಷ್ಟು ಎಳೆದಳು. ನೋವು ಹೆಚ್ಚಾಯಿತು. ಹೆಚ್ಚಾಯಿತೆಂದರೆ ಇನ್ನೂ ಬಿಗಿ ಇದೆ ಎಂದು ಅರ್ಥ, ಬಿಗಿ ಇದೆಯೆಂದರೆ ಇನ್ನೂ ಎಳೆಯಬೇಕೆಂದು ಅರ್ಥ. ಬೇಸಿಗೆಯಿಂದ ಅವಳು ನಂಬಿಕೊಂಡು ಬಂದದ್ದು ಇಷ್ಟನ್ನೇ.

ಇಫ್ರಾನಿನ ಈ ಓಟಗಾರ್ತಿಯರ ವಸತಿಗೆ ಬಂದ ಮೊದಲ ದಿನ ತರಬೇತುದಾರರು, ಹುಡುಗಿಯರು ಮರ್ಯಾದೆಗೆ 'ಸಿ' ಸೇರಿಸಿ ಕರೆಯುವ ಸಿ ಮಿಮೂನ್, ಅವಳನ್ನು ಬಗ್ಗಿಸಿ ನೋಡಿ, "ಇದು ಹುಡುಗಿಯಲ್ಲ, ದೇವದಾರು ಹಲಗೆ" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಒಂದು ವರ್ಷ ಅವಳ ಹೆಸರೇ ಹಲಗೆ ಎಂದಾಯಿತು. ಆ ಹೆಸರನ್ನು ಅವಳು ಗೋಡೆಗೆ ಕಾಲು ಹಾಕಿ, ಮೆಟ್ಟಿಲಿಗೆ ಹಿಮ್ಮಡಿ ಕೊಟ್ಟು, ಕಣ್ಣಲ್ಲಿ ನೀರು ಬರುವ ತನಕ ಬಗ್ಗಿ ಬಗ್ಗಿ ಅಳಿಸಿಹಾಕಿದಳು. ಈಗ ಪ್ರತಿ ಓಟದ ನಂತರ ಹುಡುಗಿಯರು ಅವಳ ಸುತ್ತ ನಿಲ್ಲುತ್ತಿದ್ದರು. ಅವಳು ಎಣಿಸಿದಂತೆ ಅವರು ಬಗ್ಗುತ್ತಿದ್ದರು. ಹೊರಗಿನಿಂದ ಯಾರಾದರೂ ಬಂದರೆ ಸಿ ಮಿಮೂನ್, "ಇವಳ ಮೈ ನೋಡಿ, ಹಸಿ ಬೆತ್ತ" ಎಂದು ತೋರಿಸುತ್ತಿದ್ದರು. ಏಳು ಚಳಿಗಾಲದಲ್ಲಿ ಅವಳು ಗೆದ್ದದ್ದು ಆ ಮಾತೊಂದನ್ನೇ.

ಪದಕವಂತೂ ಇರಲಿಲ್ಲ. ದೇಶದ ತಂಡಕ್ಕೆ ಆಯ್ಕೆ ಮಾಡುವ ಗುಡ್ಡಗಾಡು ಓಟದಲ್ಲಿ ಮೊದಲ ಆರು ಮಂದಿಗೆ ಜಾಗ. ಫದ್ಮಾ ಒಮ್ಮೆ ಎಂಟನೆಯವಳಾಗಿದ್ದಳು, ಎರಡು ಬಾರಿ ಏಳನೆಯವಳು. ಈ ಭಾನುವಾರ ಮತ್ತೆ ಆ ಓಟ. ಖೆನಿಫ್ರಾ ಕಡೆಯಿಂದ ಚಿಕ್ಕ ಹುಡುಗಿಯರು ಬರುವವರಿದ್ದಾರೆ, ಆರರೊಳಗೆ ಬಾರದ ಹಳಬರು ಹಾಸಿಗೆ ಬಿಟ್ಟುಕೊಡಬೇಕು ಎಂದು ವಸತಿ ನಡೆಸುವ ಸಂಘದವರು ಹೇಳಿಯಾಗಿತ್ತು. ಹಾಸಿಗೆ ಹೋದರೆ ಅಣ್ಣನ ಮನೆ. ಅಣ್ಣ ಬೈಯುವವನಲ್ಲ, ಅತ್ತಿಗೆ ಊಟ ಹಾಕುತ್ತಾಳೆ, ಕುರಿ ಕಾಯುವ ಕೆಲಸವೂ ಇದೆ. ಆದರೆ ಆ ಗುಡ್ಡದಲ್ಲಿ ಒಬ್ಬ ಹೆಂಗಸು ಓಡುವುದನ್ನು ಕಂಡರೆ ಜನ ಎಲ್ಲಿ ಬೆಂಕಿ ಬಿತ್ತು ಎಂದು ಅವಳ ಹಿಂದೆ ನೋಡುತ್ತಾರೆ. ಅಲ್ಲಿಗೆ ಹೋದರೆ ಓಟ ಮುಗಿದ ಹಾಗೆಯೇ. ಓಟವಿಲ್ಲದೆ ತಾನು ಯಾರು ಎಂಬುದನ್ನು ಇಪ್ಪತ್ತೊಂಬತ್ತು ವರ್ಷದ ಫದ್ಮಾಗೆ ಯಾರೂ ಕಲಿಸಿರಲಿಲ್ಲ.

ಕಾಲು ನೋವಿನ ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ವಸತಿಯಲ್ಲಿ, ಎಲ್ಲರೂ ಮರ್ಯಾದೆಗೆ ಲಲ್ಲಾ ಎಂದು ಕರೆಯುವ ಫಿಸಿಯೋ ಬಹಿಜಾ ಇದ್ದರು, ಒಳ್ಳೆಯ ಹೆಂಗಸು. ಆದರೆ ಅವರ ಮೇಜಿನ ಮೇಲೆ ಮಲಗಿದವರ ಸುದ್ದಿ ಅದೇ ಸಂಜೆ ಸಿ ಮಿಮೂನರಿಗೆ ಮುಟ್ಟುತ್ತಿತ್ತು. ಅದು ಅವರ ಕೆಲಸ. ಮುಟ್ಟಿದ ಮೇಲೆ ಓಟದ ಗೆರೆಯಲ್ಲಿ ನಿಲ್ಲಲು ಯಾರು ಬಿಡುತ್ತಾರೆ?

ಶುಕ್ರವಾರದ ಅಭ್ಯಾಸದ ಓಟದಲ್ಲಿ, ಕಾಡಿನ ಇಳಿಜಾರಿಗೆ ಬರುತ್ತಿದ್ದಂತೆ ಅವಳು ಹಿಂದೆ ಬಿದ್ದಳು. ಸಿ ಮಿಮೂನ್ ಜೀಪಿನ ಪಕ್ಕ ನಿಂತು, ಬಾಯಿಯಿಂದ ಹೊಗೆಯಂಥ ಉಸಿರು ಬಿಡುತ್ತಾ ಕೂಗಿದರು.

"ಫದ್ಮಾ! ಏನದು ಹೆಜ್ಜೆ? ಕಾಲು ಕಟ್ಟಿದ ಕೋಳಿ ಹಾಗೆ!"

"ಚಳಿ, ಸಿ ಮಿಮೂನ್."

"ಚಳಿ ಎಲ್ಲರಿಗೂ ಒಂದೇ. ನಿನಗೆ ಅಂತ ದೇವರು ಬೇರೆ ಕಳಿಸಿದ್ದಾನಾ?"

"ಇನ್ನೊಂಚೂರು ಎಳೆದ್ರೆ ಬಿಡುತ್ತೆ."

"ಎಳಿ ತಾಯಿ, ಎಳಿ. ಎಳೆಯೋದ್ರಲ್ಲಿ ನಿನ್ನ ಮೀರಿಸೋರು ಯಾರಿದ್ದಾರೆ."

ಮಧ್ಯಾಹ್ನ ಎಲ್ಲರಿಗೂ ಸೇರಿ ಒಂದೇ ದೊಡ್ಡ ತಟ್ಟೆಯಲ್ಲಿ, ತರಕಾರಿ ಹಾಕಿದ ಗೋಧಿ ರವೆಯ ಕುಸ್ಕುಸ್ ಬಂತು. ಹುಡುಗಿಯರೆಲ್ಲ ಸುತ್ತ ಕೂತರು. ಫದ್ಮಾ ಗೋಡೆಗೆ ಭುಜ ಕೊಟ್ಟು ನಿಂತೇ ಚಮಚ ಚಾಚಿದಳು. ಕೂತರೆ ಆ ಸೂಜಿ ನೇರ ಮೂಳೆಗೆ ಇಳಿಯುತ್ತಿತ್ತು.

"ಏನೇ ಇವಳು, ಅರಮನೆ ಕಾವಲಿನವಳಾ?" ಎಂದಳು ತೂದಾ. ಅವಳ ನಾಲಗೆ ಅವಳ ಕಾಲಿಗಿಂತ ಚುರುಕು.

"ನಿಂತ್ರೆ ಜಾಸ್ತಿ ಹಿಡಿಸುತ್ತೆ ಕಣೆ. ನಿನ್ನ ಪಾಲಿನ ಮೇಲೂ ಕಣ್ಣಿದೆ."

"ನೋಡ್ರೇ, ಕುದುರೆ ನಿಂತೇ ತಿನ್ನುತ್ತೆ, ನಿಂತೇ ಮಲಗುತ್ತೆ. ಓಡೋವಾಗ ಮಾತ್ರ ಕತ್ತೆ!"

ಎಲ್ಲರೂ ನಕ್ಕರು. ಫದ್ಮಾಳೂ ನಕ್ಕಳು. ಎಲ್ಲರಿಗಿಂತ ಕಿರಿಯವಳಾದ ಶಾಮಾ ಮಾತ್ರ ನಗಲಿಲ್ಲ. ಅವಳು ತನ್ನ ಮುಂದಿದ್ದ ಕುಂಬಳದ ತುಂಡನ್ನು ಚಮಚದ ಬೆನ್ನಿನಿಂದ ಮೆಲ್ಲಗೆ, ಯಾರಿಗೂ ಕಾಣದ ಹಾಗೆ, ನಿಂತವಳ ಕೈಗೆ ಎಟಕುವ ಅಂಚಿಗೆ ಸರಿಸಿದಳು.

ಊಟವಾದ ಮೇಲೆ ಫದ್ಮಾ ಬಕೆಟ್ಟು, ಸಾಬೂನು, ಟವೆಲು ಹಿಡಿದು ಅಜ್ರೂ ಊರಿಗೆ ಹೋಗುವ ಟ್ಯಾಕ್ಸಿ ಹತ್ತಿದಳು. ವಸತಿಯ ಬಳಿಯೇ ಹಮ್ಮಾಮು, ಊರವರೆಲ್ಲ ಬರುವ ಹಬೆ ಸ್ನಾನದ ಮನೆ, ಇತ್ತು, ಆದರೆ ಅಲ್ಲಿ ಎಲ್ಲರೂ ಪರಿಚಿತರು. ಅಜ್ರೂನಲ್ಲಿ ಅವಳನ್ನು ಬಲ್ಲವರಿಲ್ಲ. ಅಲ್ಲಿನ ಹಮ್ಮಾಮಿನಲ್ಲಿ ಮೈ ಉಜ್ಜುವ ಹೆಂಗಸು ಕೈಕಾಲುಗಳನ್ನು ಹಿಟ್ಟಿನ ಹಾಗೆ ನಾದಿ, ಮಡಿಸಿ, ತಲೆಯ ತನಕ ಎಳೆದು ಬಿಡುತ್ತಾಳೆಂದು ಕೇಳಿದ್ದಳು. ಬಿಸಿಯಲ್ಲಿ ಮೈ ಕರಗುತ್ತದೆ. ಕರಗಿದಾಗ ಎಳೆದರೆ ತೊಡೆಯ ಹಿಂದಿನ ಆ ಬಿಗಿದ ಹುರಿ ಸೋಲಲೇಬೇಕು. ಟ್ಯಾಕ್ಸಿಯಲ್ಲಿ ಇಬ್ಬರ ನಡುವೆ ಒಂದೇ ಪಕ್ಕದ ಮೇಲೆ ಒರಗಿ ಕೂತು, ಪ್ರತಿ ತಿರುವಿಗೂ ಅವಳು ದೇವರ ಹೆಸರು ಹೇಳಿದಳು.

ಆದರೆ ಉಜ್ಜುವ ಹೆಂಗಸು ಅಂದು ಮದುಮಗಳೊಬ್ಬಳ ಬಳಗದ ವಶದಲ್ಲಿದ್ದಳು. ಒಳಗಿನ ಬಿಸಿ ಕೋಣೆಯ ಅರ್ಧ ಭಾಗ ಅವರ ಹಾಡು, ಚಪ್ಪಾಳೆಯಿಂದ ತುಂಬಿತ್ತು. "ಇವತ್ತು ಬೇರೆ ಯಾರನ್ನೂ ಮುಟ್ಟಲ್ಲಮ್ಮ, ಸೋಮವಾರ ಬಾ" ಎಂದಳು ಅವಳು. ಸೋಮವಾರ! ಫದ್ಮಾ ಹಬೆಯಲ್ಲಿ ಗೋಡೆ ಹಿಡಿದು ನಿಂತುಬಿಟ್ಟಳು. ಬಂದದ್ದೂ ಹಾಳಾಯಿತು.

ಮೂಲೆಯಲ್ಲಿ ಒಬ್ಬ ದಪ್ಪ ಹೆಂಗಸು ತಲೆಗೂ ಮುಖಕ್ಕೂ ಕಂದು ಮಣ್ಣು ಮೆತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಹಮ್ಮಾಮಿನಲ್ಲಿ ಒಬ್ಬಳೇ ಬಂದವಳು ಪಕ್ಕದವಳನ್ನು ಬೆನ್ನು ಉಜ್ಜಲು ಕೇಳುವುದುಂಟು, ಕೇಳಿದರೆ ಇಲ್ಲವೆನ್ನುವವರಿಲ್ಲ.

"ಚಿಕ್ಕಮ್ಮ, ಬೆನ್ನು ಸ್ವಲ್ಪ..."

"ತಿರುಗು ಮಗಳೇ."

ಆ ಕೈ ಒರಟಲ್ಲ, ಮೆತ್ತಗೂ ಅಲ್ಲ. ಭುಜದಿಂದ ಸೊಂಟದವರೆಗೆ ಉದ್ದುದ್ದ ಉಜ್ಜಿತು, ಕೊನೆಗೆ ಬೆಚ್ಚನೆಯ ನೀರು ಸುರಿಯಿತು. ಫದ್ಮಾ ತಾನೂ ಆಕೆಯ ಬೆನ್ನು ಉಜ್ಜಿಕೊಟ್ಟಳು. ಧೈರ್ಯ ಬಂತು.

"ಇನ್ನೊಂದು ಉಪಕಾರ ಮಾಡ್ತೀರಾ? ನಾನು ಅಂಗಾತ ಮಲಗ್ತೀನಿ. ಈ ಕಾಲು ಎತ್ತಿ ನನ್ನ ತಲೆ ಕಡೆ ತಳ್ಳಿ. ಭಾರ ಬಿಟ್ಟು ತಳ್ಳಿ. ನಾನು ಕೂಗಿದ್ರೂ ಬಿಡಬೇಡಿ."

"ಕೂಗಿದ್ರೂ?"

"ಕೂಗಿದ್ರೂ."

ಆಕೆ ಕಾಲು ಎತ್ತಲಿಲ್ಲ. ಅವಳನ್ನು ಪಕ್ಕಕ್ಕೆ ಹೊರಳಿಸಿ ತೊಡೆಯ ಹಿಂಭಾಗದಲ್ಲಿ ಹೆಬ್ಬೆರಳು ಸರಿಸುತ್ತಾ ಮೇಲಕ್ಕೆ ಹೋದಳು. ಮೂಳೆಯ ಬಳಿ ನಿಂತು ಒತ್ತಿದಳು. ಫದ್ಮಾಳ ಕೂಗು ಗುಮ್ಮಟಕ್ಕೆ ಬಡಿದು ವಾಪಸ್ಸು ಬಂತು. ಮದುವೆಯ ಹಾಡು ನಿಂತಿತು.

"ಯಾರಿಗೋ ಹೆರಿಗೆ ಆಯ್ತು ಕಣ್ರೇ!" ಎಂದಿತು ಹಬೆಯೊಳಗಿಂದ ಒಂದು ದನಿ. ನಗು ಎದ್ದಿತು, ಹಾಡು ಮತ್ತೆ ಶುರುವಾಯಿತು.

ದಪ್ಪ ಹೆಂಗಸು ಒಂದು ಬೋಗುಣಿ ನೀರನ್ನು ತನ್ನ ಮುಖಕ್ಕೆ ಸುರಿದುಕೊಂಡಳು. ಮಣ್ಣು ಇಳಿಯಿತು. ಕೆಳಗೆ ಲಲ್ಲಾ ಬಹಿಜಾರ ಮುಖವಿತ್ತು.

"ಯಾವಾಗಿಂದ, ಫದ್ಮಾ?"

ಅವರ ಮನೆ ಅಜ್ರೂನಲ್ಲೇ ಎಂಬುದು ಫದ್ಮಾಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಹುಡುಗಿಯರಲ್ಲಿ ಒಬ್ಬರೂ ಅವರನ್ನು ನಿಮ್ಮ ಮನೆ ಎಲ್ಲಿ ಎಂದು ಕೇಳಿರಲಿಲ್ಲ.

"ಬೇಸಿಗೆಯಿಂದ" ಎಂದಳು.

"ಬೇಸಿಗೆಯಿಂದ ದಿನಾ ಇದನ್ನ ಎಳೀತಿದ್ದೀಯಾ?"

"ಬಿಗಿ ಇದೆ ಲಲ್ಲಾ. ನನ್ನ ಕಾಲು ನನಗೆ ಗೊತ್ತಾಗಲ್ವಾ? ಎಳೆದಷ್ಟೂ ಬಿಗಿಯಾಗ್ತಿದೆ."

"ಹೆದರಿದ ಬೆಕ್ಕು ಮೈ ಬಿಗಿ ಹಿಡಿಯುತ್ತೆ. ಬಾಲ ಹಿಡಿದು ಎಳೆದ್ರೆ ಸಡಿಲ ಆಗುತ್ತಾ?" ಬಹಿಜಾ ಅವಳ ಮಂಡಿಯನ್ನು ಮಡಿಸಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. "ಇದು ಗಿಡ್ಡ ಆಗಿರೋ ಹುರಿ ಅಲ್ಲ, ಸವೆದಿರೋ ಹುರಿ. ನೀನು ಬಗ್ಗಿದಾಗೆಲ್ಲ ಮೂಳೆಗೆ ಒತ್ತಿಕೊಂಡು ಉಜ್ಜುತ್ತೆ. ಬೇರೆಯವರಿಗೆ ಮೈ ಎಳೆದ್ರೆ ಒಳ್ಳೇದೇ, ಓಡಿ ಬೆಚ್ಚಗಾದ ಮೇಲೆ, ಹಿತವಾಗಿ. ನಿನ್ನ ಈ ಕಾಲಿಗೆ ಅದೇ ವಿಷ. ಇದಕ್ಕೆ ಬೇಕಿರೋದು ಬಲ, ಉದ್ದ ಅಲ್ಲ. ನಿಧಾನಕ್ಕೆ ಭಾರ ಹೊರಿಸಿ ಗಟ್ಟಿ ಮಾಡಬೇಕು. ತಿಂಗಳುಗಟ್ಟಲೆ ಆಗುತ್ತೆ, ಆದ್ರೆ ವಾಸಿ ಆಗುತ್ತೆ."

"ಭಾನುವಾರ?"

"ಓಡಬೇಡ."

"ಓಡಿದ್ರೆ?"

ಬಹಿಜಾ ಸುಳ್ಳು ಹೇಳಲಿಲ್ಲ. "ತಾಳಿದ್ರೂ ತಾಳೀತು. ಇಳಿಜಾರಲ್ಲಿ ಹೆಜ್ಜೆ ಉದ್ದಕ್ಕೆ ಬಿಚ್ಚಿದ್ರೆ ಹರಿದೂ ಹೋದೀತು."

ಫದ್ಮಾ ಅವರ ಒದ್ದೆ ಮೊಣಕೈ ಹಿಡಿದುಕೊಂಡಳು. "ಸಿ ಮಿಮೂನ್‌ಗೆ ಹೇಳಬೇಡಿ. ನಿಮ್ಮ ಕಾಲು ಹಿಡೀತೀನಿ. ಇದೊಂದು ಭಾನುವಾರ ಬಿಟ್ಟುಬಿಡಿ ಲಲ್ಲಾ, ಆಮೇಲೆ ಕತ್ತರಿಸಿ ಬೇಕಾದ್ರೂ ಹಾಕಿ."

ಬಹಿಜಾ ಬೋಗುಣಿಯಲ್ಲಿ ನೀರು ತುಂಬಿ ಅವಳ ಕಾಲಿನ ಮೇಲೆ ಮೆಲ್ಲಗೆ ಸುರಿದರು. ಹಮ್ಮಾಮಿನಲ್ಲಿ ಹೆಂಗಸರು ಒಬ್ಬರ ಮೈಮೇಲೆ ಇನ್ನೊಬ್ಬರು ಏನೇನನ್ನೋ ಕಾಣುತ್ತಾರೆ. ಹೊಡೆತದ ಕಲೆ, ಹೊಲಿಗೆಯ ಗುರುತು, ಹೇಳದೆ ಉಳಿದ ಬಸಿರು. ಕಂಡದ್ದನ್ನು ಯಾರೂ ಹೊಸಿಲು ದಾಟಿಸುವುದಿಲ್ಲ. ಅದೊಂದು ನಂಬಿಕೆ ಇಲ್ಲದಿದ್ದರೆ ಯಾರು ಅಲ್ಲಿ ಬಟ್ಟೆ ಬಿಚ್ಚಿಯಾರು?

"ಇಲ್ಲಿ ಕಂಡದ್ದನ್ನ ನಾನು ಹೊರಗೆ ಹೇಳಲ್ಲ" ಎಂದರು ಕೊನೆಗೆ. "ನನ್ನ ಅಮ್ಮ ಹೇಳ್ತಿರಲಿಲ್ಲ, ನಾನೂ ಹೇಳಲ್ಲ. ಆದ್ರೆ ನಾಳೆ ನೀನೇ ನನ್ನ ಕೋಣೆಗೆ ಬಾ. ಬಟ್ಟೆ ಹಾಕ್ಕೊಂಡು, ಬಾಗಿಲು ತಟ್ಟಿ ಬಾ. ಆಗ ನಾನು ಮಾಡಬೇಕಾದ್ದು ಮಾಡ್ತೀನಿ. ಸಿ ಮಿಮೂನ್ ಹತ್ರ ಹಾಸಿಗೆ ವಿಷಯ ಜಗಳ ಆಡೋದೂ ಸೇರಿ."

ಆಮೇಲೆ ಒಂದು ಕಿತ್ತಳೆ ಸುಲಿದು, ಅರ್ಧ ಮುರಿದು ಅವಳ ಅಂಗೈಯಲ್ಲಿಟ್ಟರು. ಉಳಿದಿದ್ದ ತಮ್ಮ ಬಿಸಿನೀರಿನ ಬಕೆಟ್ಟನ್ನೂ ಅವಳ ಕಡೆ ತಳ್ಳಿ, ತಾವು ತಣ್ಣೀರಿನಲ್ಲಿ ತಲೆಯ ಮಣ್ಣು ತೊಳೆದುಕೊಂಡರು.

ಶನಿವಾರ ಬೆಳಗ್ಗೆ ಫದ್ಮಾಳ ಕಾಲು ತಾನಾಗಿಯೇ ಕಿಟಕಿಯ ಕಟ್ಟೆ ಹುಡುಕಿತು. ಅವಳು ತಲೆವಸ್ತ್ರವನ್ನು ಗಂಟುಕಟ್ಟಿ ಶಾಮಾಳ ಹಾಸಿಗೆಯಡಿ ತುರುಕಿ, ಬೋರಲು ಮಲಗಿದಳು. ಮೈಯೆಲ್ಲ ತುರಿಸಿದ ಹಾಗಾಗುತ್ತಿತ್ತು. ಎಳೆಯದೆ ಇರುವುದು ನೋವಿಗಿಂತ ಕಷ್ಟವಾಗಿತ್ತು. ಹಲಗೆ, ಹಲಗೆ ಎಂದು ಯಾರೋ ಒಳಗೇ ಕೂಗುತ್ತಿದ್ದರು.

ಸಂಜೆ ಅವಳು ಬಹಿಜಾರ ಕೋಣೆಯ ಮುಂದೆ ಹೋಗಿ ನಿಂತಳು. ಬಾಗಿಲು ಅರೆ ತೆರೆದಿತ್ತು. ಒಳಗೆ ದೀಪ. ಬೇರೆ ದಿನಗಳಲ್ಲಿ ಬಹಿಜಾ ಇಷ್ಟು ಹೊತ್ತಿಗೆ ಟ್ಯಾಕ್ಸಿ ಹಿಡಿದಿರುತ್ತಿದ್ದರು. ಇಂದು ಕೋಟು ಹಾಕಿಕೊಂಡೇ ಕುರ್ಚಿಯಲ್ಲಿ ಕೂತು, ಸುತ್ತಿಟ್ಟ ಪಟ್ಟಿಗಳನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದರು. ತಲೆ ಎತ್ತಲಿಲ್ಲ. ಎತ್ತಿದ್ದರೆ ಫದ್ಮಾ ಒಳಗೆ ಹೋಗುತ್ತಿದ್ದಳೋ ಏನೋ. ತಟ್ಟಲು ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ತಟ್ಟಿದರೆ ತಿಂಗಳುಗಳು ಸಿಗುತ್ತವೆ, ಭಾನುವಾರ ಹೋಗುತ್ತದೆ. ಜಗಳ ಆಡುತ್ತೇನೆಂದಿದ್ದಾರೆ, ಗೆಲ್ಲುತ್ತೇನೆಂದಿಲ್ಲ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಹಿಂತಿರುಗಿದಳು.

ಭಾನುವಾರ ಬಯಲಿನಲ್ಲಿ ಗಾಳಿ ಚಾಕುವಿನ ಹಾಗೆ ಬೀಸುತ್ತಿತ್ತು. ಗಂಡಸರ ಓಟ ತಡವಾಗಿ, ಹೆಂಗಸರು ಬೇಲಿಯ ಬಳಿ ಕಾಯಬೇಕಾಯಿತು. ಬೆಚ್ಚಗಾಗಿದ್ದ ಮೈ ಮತ್ತೆ ತಣ್ಣಗಾಯಿತು. ಫದ್ಮಾಳ ತೊಡೆ ಕಲ್ಲಾಗುತ್ತಾ ಬಂತು. ಬೇಡ, ಬೇಡ ಎನ್ನುತ್ತಲೇ ಅವಳು ನೋಡುತ್ತಿದ್ದಂತೆ ಅವಳ ಹಿಮ್ಮಡಿ ಬೇಲಿಯ ಅಡ್ಡಪಟ್ಟಿಯ ಮೇಲಿತ್ತು, ಹಣೆ ಮೊಣಕಾಲಿನ ಮೇಲಿತ್ತು.

"ಹಾ, ಶುರುವಾಯ್ತು! ಎಣಿಸೇ ಫದ್ಮಾ" ಎಂದಳು ತೂದಾ. ಸಾಲಾಗಿ ಎಲ್ಲ ಹುಡುಗಿಯರ ಹಿಮ್ಮಡಿಗಳೂ ಬೇಲಿ ಏರಿದವು. ಅವಳು ಎಣಿಸಿದಳು. ಅವಳ ದನಿಯನ್ನು ನಂಬಿ ಅವರು ಬಗ್ಗಿದರು.

ಬಹಿಜಾ ಒಂದು ಲೋಟ ಪುದೀನ ಚಹಾ ಹಿಡಿದು ಬಂದು ಅವಳ ಪಕ್ಕ ನಿಂತರು. "ಇದನ್ನ ಕುಡಿ" ಎಂದರು. ಆಮೇಲೆ ಇನ್ನೂ ಮೆಲ್ಲಗೆ, "ಕಾಲು ಇಳಿಸು ಮಗಳೇ." ಅಷ್ಟೇ.

ಓಟ ಶುರುವಾಯಿತು. ಮೊದಲ ಸುತ್ತಿನಲ್ಲಿ ಕೆಸರು, ಎರಡನೆಯದರಲ್ಲಿ ಏರು. ಫದ್ಮಾ ಹೆಜ್ಜೆಯನ್ನು ಚಿಕ್ಕದಾಗಿಟ್ಟು, ಕಾಲನ್ನು ಮೊಟ್ಟೆಯ ಬುಟ್ಟಿ ಹೊತ್ತ ಹಾಗೆ ಹೊತ್ತು ಓಡಿದಳು. ಏರಿನಲ್ಲಿ ಅವಳಿಗೆ ನೋವು ಕಡಿಮೆ. ಏರಿನಲ್ಲೇ ಒಬ್ಬೊಬ್ಬರನ್ನು ಹಿಂದೆ ಹಾಕಿದಳು. ಕೊನೆಯ ದಿಬ್ಬದ ನೆತ್ತಿಯಲ್ಲಿ ತೂದಾಳನ್ನು ದಾಟಿದಾಗ ಹಗ್ಗದಾಚೆಯಿಂದ ಸಿ ಮಿಮೂನ್ ಹುಚ್ಚರಂತೆ ಕೂಗಿದರು. "ಆರು! ಫದ್ಮಾ, ನೀನು ಆರು! ಇಳಿಜಾರು ಮಾತ್ರ ಉಳಿದಿದೆ, ಹೆಜ್ಜೆ ಬಿಚ್ಚು!"

ಆರು. ಜೀವಮಾನದಲ್ಲಿ ಮೊದಲ ಸಲ ಆ ಸಂಖ್ಯೆ ಅವಳದಾಗಿತ್ತು. ಕೆಳಗೆ ಮುಕ್ತಾಯದ ಬಾವುಟಗಳು ಕಾಣುತ್ತಿದ್ದವು. ಹಿಂದೆ ಒಬ್ಬಳ ಉಸಿರು ಹತ್ತಿರವಾಗುತ್ತಿತ್ತು, ಎಳೆಯ ಉಸಿರು, ತೂದಾಳನ್ನು ದಾಟಿ ಬಂದ ಶಾಮಾಳದ್ದು. ಚಿಕ್ಕ ಹೆಜ್ಜೆಯಲ್ಲಿ ಇಳಿದರೆ ಶಾಮಾ ದಾಟುತ್ತಾಳೆ. ಫದ್ಮಾಗೆ ಹಮ್ಮಾಮು ನೆನಪಾಯಿತು, ಬಹಿಜಾರ ಮಾತು ನೆನಪಾಯಿತು. ಅಣ್ಣನ ಮನೆಯ ಅಂಗಳವೂ ನೆನಪಾಯಿತು. ಅವಳು ಹೆಜ್ಜೆ ಬಿಚ್ಚಿದಳು.

ಮೊದಲ ಹೆಜ್ಜೆಗೆ ಹುರಿ ತಾಳಿತು. ಎರಡನೆಯದಕ್ಕೂ ತಾಳಿತು. ಒಂದು ಕ್ಷಣ ಬೇಸಿಗೆಗೆ ಮುಂಚಿನ ಕಾಲು ಹಿಂತಿರುಗಿ ಬಂದಿತ್ತು, ಹಗುರ, ಉದ್ದ. ಅದರ ಮುಂದಿನ ಹೆಜ್ಜೆಯಲ್ಲಿ ಒಳಗೆ ಒದ್ದೆ ಬಟ್ಟೆ ಹರಿದಂತಾಯಿತು. ಅವಳು ಮುಖ ಅಡಿಯಾಗಿ ಕೆಸರಿಗೆ ಬಿದ್ದಳು.

"ಫದ್ಮಾ!" ಶಾಮಾಳ ಬೂಟುಗಳು ಅವಳ ತಲೆಯ ಬಳಿಯೇ ನಿಂತುಬಿಟ್ಟಿದ್ದವು. ಹಿಂದೆ ತೂದಾ ಇಳಿದು ಬರುತ್ತಿದ್ದಳು.

"ಓಡೇ ಕತ್ತೆ!" ಫದ್ಮಾ ಕೆಸರು ಉಗುಳುತ್ತಾ ಕಿರುಚಿದಳು. "ನಿಂತ್ಕೊಂಡು ನನ್ನ ಮುಖ ಏನು ನೋಡ್ತೀಯ? ಓಡು! ಜಾಗ ಹೋಗುತ್ತೆ, ಓಡು!"

ಶಾಮಾ ಅಳುತ್ತಾ ಓಡಿದಳು. ಆರನೆಯವಳಾದಳು.

ಬಹಿಜಾ ಬಂದಾಗ ಫದ್ಮಾ ಬೋರಲಾಗಿಯೇ ಇದ್ದಳು. ಅವರು ಕೆಸರಿನಲ್ಲಿ ಕೂತು, ಅವಳ ಮಂಡಿಯನ್ನು ಮಡಿಸಿ ಹಿಡಿದುಕೊಂಡರು. ಸಿ ಮಿಮೂನ್ ಏದುಸಿರು ಬಿಡುತ್ತಾ ಬಂದರು.

"ಏನಾಯ್ತು? ಇದ್ದಕ್ಕಿದ್ದಂತೆ ಹೀಗೆ ಹೇಗಾಯ್ತು?"

"ಇದ್ದಕ್ಕಿದ್ದಂತೆ" ಎಂದಳು ಫದ್ಮಾ ತಕ್ಷಣ. "ಯಾರಿಗೂ ಗೊತ್ತಿರಲಿಲ್ಲ, ಸಿ ಮಿಮೂನ್. ಕಾಲು ಜಾರ್ತು."

"ನನಗೆ ಗೊತ್ತಿತ್ತು" ಎಂದರು ಬಹಿಜಾ.

"ನಿಮಗೆ ಗೊತ್ತಿತ್ತಾ! ಯಾವಾಗಿಂದ? ಎಲ್ಲಿ ನೋಡಿದ್ರಿ? ನನಗ್ಯಾಕೆ ಹೇಳಲಿಲ್ಲ?"

"ಹಮ್ಮಾಮಿನಲ್ಲಿ ನೋಡಿದೆ."

ಹೆಂಗಸರ ಹಮ್ಮಾಮಿನ ಮಾತಿನ ಮೇಲೆ ಗಂಡಸು ಕೇಳಬಹುದಾದ ಪ್ರಶ್ನೆ ಯಾವುದೂ ಇರಲಿಲ್ಲ. ಸಿ ಮಿಮೂನ್ ಮಂಡಿಯೂರಿ, ಚಳಿಗೆ ಸೆಟೆದ ಬೆರಳುಗಳಿಂದ ಅವಳ ಬೂಟಿನ ದಾರ ಬಿಚ್ಚತೊಡಗಿದರು. ಗಂಟು ಕೆಸರಿನಲ್ಲಿ ಬಿಗಿದಿತ್ತು. ಕತ್ತರಿಸದೆ, ಎಳೆಯದೆ, ತಾಳ್ಮೆಯಿಂದ ಬಿಡಿಸಿದರು.

"ಹಾಸಿಗೆ?" ಎಂದು ಕೇಳಿದಳು ಫದ್ಮಾ.

ಅವರು ದಾರದಿಂದ ಕಣ್ಣು ತೆಗೆಯಲಿಲ್ಲ. "ನಾಳೆ ಖೆನಿಫ್ರಾ ಹುಡುಗಿಯರು ಬರ್ತಾರೆ ಮಗಳೇ" ಎಂದರು. ಅವರು ಅವಳನ್ನು ಮಗಳೇ ಎಂದದ್ದು ಅದೇ ಮೊದಲು. ಬೈದಿದ್ದರೆ ಅವಳಿಗೆ ಇಷ್ಟು ದುಃಖವಾಗುತ್ತಿರಲಿಲ್ಲ.

ವ್ಯಾನಿನಲ್ಲಿ ಉದ್ದನೆಯ ಸೀಟನ್ನು ಅವಳಿಗೆ ಬಿಟ್ಟುಕೊಟ್ಟು ಹುಡುಗಿಯರೆಲ್ಲ ನಿಂತರು. ಓಡಿ ದಣಿದ ಕಾಲುಗಳು, ಆಸ್ಪತ್ರೆ ಹತ್ತಿರವೇನೂ ಇರಲಿಲ್ಲ. ತೂದಾ ತನ್ನ ಒಣ ಕೋಟು ಬಿಚ್ಚಿ ಅವಳ ಬೆನ್ನಿಗೆ ಹೊದಿಸಿದಳು, ಒಂದು ತಮಾಷೆಯನ್ನೂ ಆಡಲಿಲ್ಲ. ತೂದಾ ಸುಮ್ಮನಿದ್ದದ್ದನ್ನು ಕಂಡ ಮೇಲೆಯೇ ಫದ್ಮಾಗೆ ತನ್ನ ಸ್ಥಿತಿ ಪೂರ್ತಿ ಅರ್ಥವಾಯಿತು. ಅವಳು ಸೀಟಿಗೆ ಮುಖ ಒತ್ತಿ, ದನಿಯಿಲ್ಲದೆ ಅತ್ತಳು.

"ಅಜ್ರೂನಲ್ಲಿ ನನ್ನ ಅಮ್ಮನ ಕೋಣೆ ಖಾಲಿ ಇದೆ" ಎಂದರು ಬಹಿಜಾ, ಕಿವಿಯ ಹತ್ತಿರ ಬಗ್ಗಿ. "ನೆಲಮಾಳಿಗೆ ಅಲ್ಲ, ಬಿಸಿಲು ಬರುತ್ತೆ."

ಫದ್ಮಾ ತೂದಾಳ ಕೋಟಿನ ಅಂಚಿನಿಂದ ಮುಖ ಒರೆಸಿಕೊಂಡಳು.

"ನಾನು ಮತ್ತೆ ಓಡ್ತೀನಾ, ಲಲ್ಲಾ?"

"ಗೊತ್ತಿಲ್ಲ."

ರಸ್ತೆಯ ಪ್ರತಿ ಹಳ್ಳಕ್ಕೂ ವ್ಯಾನು ಎಗರುತ್ತಿತ್ತು. ಪ್ರತಿ ಸಲವೂ ಅವಳ ಕಾಲು ಚಾಚಿಕೊಳ್ಳಲು ನೋಡುತ್ತಿತ್ತು. ಬಹಿಜಾ ಅದನ್ನು ಚಾಚಲು ಬಿಡದೆ, ಮಡಿಸಿದ ಮಂಡಿಯನ್ನು ಎರಡೂ ಕೈಯಲ್ಲಿ ಎದೆಗೆ ಆನಿಸಿಕೊಂಡು, ತೋಳು ಸೋತು ನಡುಗಿದರೂ, ದಾರಿಯುದ್ದಕ್ಕೂ ಹಾಗೇ ಹಿಡಿದಿದ್ದರು.